ಹನ್ನೊಂದನೇ ಕಾಲಂ ಮತ್ತು ಕ್ಯಾಮರಾ

ದಲಿತ ವಿಮರ್ಶೆ ಇಷ್ಟು ದಿನ ಕತೆ, ಕವಿತೆ, ಆತ್ಮಕತೆಗಳ ಮುಂದೆ ಕೂತು 'ಯಾರು ಬರೆದರು, ಯಾರ ಬಗ್ಗೆ ಬರೆದರು' ಎಂದು ಕೇಳುತ್ತ ಬಂದಿದೆ. ಸಾಕ್ಷ್ಯಚಿತ್ರದ ಮುಂದೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ಕ್ಯಾಮರಾ ಯಾರ ಮಾತನ್ನು ನಂಬುತ್ತದೆ? ಇದನ್ನು ನಾನು ಬೇರೆಯವರ ಚಿತ್ರದ ಮೇಲಲ್ಲ, ನಾವೇ ತೆಗೆಯುತ್ತಿರುವ, ಇನ್ನೂ ಮುಗಿಯದ ಚಿತ್ರದ ಮೇಲೆ ಕೇಳುತ್ತಿದ್ದೇನೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯಲ್ಲಿ ಸರ್ಕಾರ ದಲಿತರಿಗೆ ಮಂಜೂರು ಮಾಡಿದ ಹೊಲಗಳು ಹೇಗೆ ಕೈಬಿಟ್ಟವು ಎಂಬುದು ನಮ್ಮ ಚಿತ್ರದ ವಸ್ತು. ದೇವರಾಜ ಅರಸರ ಕಾಲದಲ್ಲಿ, 1978ರಲ್ಲಿ, ಇಂಥ ಜಮೀನುಗಳ ಪರಭಾರೆ ನಿಷೇಧಿಸುವ ಕಾಯ್ದೆ ಬಂತು. 1979ರ ಜನವರಿ 1ರಿಂದ ಜಾರಿಯಾಯಿತು. ನಾವೆಲ್ಲ ಪಿಟಿಸಿಎಲ್ ಅನ್ನುವುದು ಇದಕ್ಕೇ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಆದ ಮಾರಾಟ ಅಸಿಂಧು. ಉಪವಿಭಾಗಾಧಿಕಾರಿ ಜಮೀನನ್ನು ಬಿಡಿಸಿ ಮೂಲ ಮಂಜೂರಿದಾರರಿಗೋ ಅವರ ವಾರಸುದಾರರಿಗೋ ಕೊಡಿಸಬೇಕು. ಕಾಯ್ದೆ ಇಷ್ಟು ನೆಟ್ಟಗಿದೆ. ಹಾಗಾದರೆ ಹೊಲ ಹೇಗೆ ಹೋಯಿತು? ಇದನ್ನು ಹೇಳಲು ನಮಗೆ 'ಒಳಗಿನವರು' ಒಬ್ಬರು ಬೇಕಾಗಿತ್ತು.

ಸಿಕ್ಕರು. ನಿವೃತ್ತ ತಲಾಠಿ. ನಾಲ್ಕೂ ತಾಲೂಕುಗಳಲ್ಲಿ ವರ್ಗವಾಗಿ ತಿರುಗಿದವರು. ನಮ್ಮದೇ ಕೇರಿಯ ಮೊದಲ ತಲೆಮಾರಿನ ನೌಕರದಾರ. ಊರ ಹೆಸರು, ಕಚೇರಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಮನೆಯ ಪಡಸಾಲೆಯಲ್ಲಿ ಬಾಬಾಸಾಹೇಬರ ಫೋಟೋದ ಕೆಳಗೆ ಕುರ್ಚಿ ಹಾಕಿ ಕೂರಿಸಿದೆವು. ಒಂದು ತಾಸು ಅದೂ ಇದೂ ಮಾತಾಡಿದ ಮೇಲೆ ಅವರಾಗಿಯೇ ಅಂದರು:

"ಏನ್ ಮಾಡ್ಲಿ ತಮ್ಮಾ, ಹೊಸಾ ಬುಕ್ ಬರಿಯುವಾಗ ಹನ್ನೊಂದನೇ ಕಾಲಂದಾಗಿನ ಆ ಒಂದ ಸಾಲ ಬಿಡು ಅಂದ್ರು. ಬಿಟ್ಟೆ."

ಉತಾರ ನೋಡಿ ಬಲ್ಲವರಿಗೆ ಇದರ ಅರ್ಥ ಹೇಳಬೇಕಿಲ್ಲ. ಒಂಬತ್ತನೇ ಕಾಲಮ್ಮಿನಲ್ಲಿ ಖಾತೇದಾರನ ಹೆಸರು, ಹನ್ನೊಂದರಲ್ಲಿ ಹಕ್ಕು ಮತ್ತು ಋಣ. 'ಪರಭಾರೆ ಮಾಡತಕ್ಕದ್ದಲ್ಲ' ಎಂಬ ಷರತ್ತು ಇರಬೇಕಾದದ್ದು ಅಲ್ಲಿ. ಆ ಸಾಲು ಹಳೆಯ ಪುಸ್ತಕದಿಂದ ಹೊಸದಕ್ಕೆ ಇಳಿಯದಿದ್ದರೆ ಹೊಲ ಎಲ್ಲರ ಹೊಲದಂತೆ ಮಾರಾಟದ ಮಾಲು. ಕೃಷ್ಣಾ ಮೇಲ್ದಂಡೆಯ ಕಾಲುವೆ ಬರುವ ಸುದ್ದಿ ಹಬ್ಬಿದಾಗ ಒಣಹೊಲಕ್ಕೂ ಬೆಲೆ ಬಂತು. ಆಮೇಲೆ ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಖಾಲಿ ಬಿಟ್ಟದ್ದು ಖಾಲಿಯಾಗಿಯೇ ಹೋಯಿತು.

ಆ ಸಂಜೆ ನಾವು ಖುಷಿಯಲ್ಲಿದ್ದೆವು. 'ಒಪ್ಕೊಂಡ್ರು ನೋಡ್ರಿ' ಎಂದು ಗೆಳೆಯರು ಕೈ ಕುಲುಕಿದರು.

ಎಡಿಟಿಂಗಿಗೆ ಕೂತಾಗ ಆ ಖುಷಿ ಹೋಯಿತು. ಅದೇ ಊರಿನಲ್ಲಿ ನಾಲ್ಕೆಕರೆ ಕಳೆದುಕೊಂಡ ಆಯಿಯೊಬ್ಬಳನ್ನು ವಾರದ ಹಿಂದೆಯೇ ಚಿತ್ರೀಕರಿಸಿದ್ದೆವು. ನಮ್ಮ ಮೊದಲ ಜೋಡಣೆಯಲ್ಲಿ ಕಾಕಾನಿಗೆ ಇಪ್ಪತ್ತೆರಡು ನಿಮಿಷ, ಕುರ್ಚಿ, ಒಳ್ಳೆಯ ಮೈಕು. ಆಯಿಗೆ ಮೂರು ನಿಮಿಷ, ಅದೂ ಬಾಂದಿನ ಮೇಲೆ ನಿಂತು ಸೆರಗಿನಿಂದ ಕಣ್ಣೊರೆಸುವ ದೃಶ್ಯ. ಉಳಿದದ್ದನ್ನು 'ಪುನರಾವರ್ತನೆ' ಎಂದು ಕತ್ತರಿಸಿದ್ದೆವು. ಕತ್ತರಿಸಿದ್ದನ್ನು ಮತ್ತೆ ಕೇಳಿದೆ. ಆಕೆ ಅಂದಿದ್ದಳು: "ಅಂವ ಒಂದ ಸಾಲ ನುಂಗಿದ, ಸಾವ್ಕಾರ ನಾಕ ಎಕರೆ ನುಂಗಿದ."

ಅಂದರೆ ಕಾಕಾ ಹೇಳಿದ 'ರಹಸ್ಯ' ಆಯಿಗೆ ಮೊದಲೇ ಗೊತ್ತಿತ್ತು. ಓದು ಬರದ ಹೆಂಗಸು ಉತಾರದ ಸೂಕ್ಷ್ಮ ಬಲ್ಲಳು ಎಂದು ದಲಿತ ಮೇಷ್ಟ್ರಾದ ನನಗೂ ಹೊಳೆಯಲಿಲ್ಲ. ಆಕೆಯದು ನೋವು, ಆತನದು ಮಾಹಿತಿ ಎಂದು ನಾವೇ ವಿಂಗಡಿಸಿದ್ದೆವು. ಸರ್ಕಾರದ ಬಾಯಿಂದ ಬಂದರೆ ಸತ್ಯ, ಕೇರಿಯ ಬಾಯಿಂದ ಬಂದರೆ ಗೋಳು. ಈ ವಿಂಗಡಣೆ ಕಚೇರಿಯದು, ಅದಕ್ಕೂ ಹಿಂದೆ ಊರಿನದು. ನಮ್ಮ ಕತ್ತರಿಗೂ ಅದೇ ಅಂಟಿಕೊಂಡಿತ್ತು. ಕ್ಯಾಮರಾ ಹಿಡಿದವನು ದಲಿತನಾದ ಮಾತ್ರಕ್ಕೆ ಚಿತ್ರ ದಲಿತ ನೆಲೆಯಿಂದ ಬರುವುದಿಲ್ಲ.

ಇಲ್ಲಿ ಹೊರಗಿನ ಉದಾಹರಣೆಯೊಂದನ್ನು ನೆನೆಯುತ್ತೇನೆ. ಯಹೂದಿಗಳ ಹತ್ಯಾಕಾಂಡದ ಬಗ್ಗೆ ಕ್ಲಾಡ್ ಲಾಂಜ್‌ಮನ್ ತೆಗೆದ, 1985ರಲ್ಲಿ ಬಂದ 'ಶೋವಾ' ಒಂಬತ್ತು ತಾಸು ಮೀರಿದ ಚಿತ್ರ. ಜನರನ್ನು ಸಾವಿನ ಶಿಬಿರಗಳಿಗೆ ಒಯ್ದ ರೈಲುಗಳ ಏರ್ಪಾಟು ಮಾಡಿದ ಕಚೇರಿಯ ಅಧಿಕಾರಿ ವಾಲ್ಟರ್ ಸ್ಟೀರ್, ತಾನು ಮೇಜು ಬಿಟ್ಟು ಎದ್ದವನಲ್ಲ, ತನಗೇನೂ ತಿಳಿಯದು ಎನ್ನುತ್ತಾನೆ. ಅದೇ ಚಿತ್ರದಲ್ಲಿ ಇತಿಹಾಸಕಾರ ರಾವುಲ್ ಹಿಲ್‌ಬರ್ಗ್ ಅಂಥದೊಂದು ರೈಲಿನ ವೇಳಾಪಟ್ಟಿಯ ಹಾಳೆ ಹಿಡಿದು ಅದರ ಅರ್ಥ ಬಿಡಿಸುತ್ತಾನೆ. ಅಧಿಕಾರಿಯ ಬಾಯಿ ಮುಚ್ಚಿಟ್ಟದ್ದನ್ನು ಆ ಹಾಳೆ ಹೇಳುತ್ತದೆ. ನಾವು ಕಲಿಯಬೇಕಾದದ್ದು ಇದು: ಒಳಗಿನವನ ತಪ್ಪೊಪ್ಪಿಗೆಗೆ ಕಾಯುವುದಕ್ಕಿಂತ, ಕಾಗದವನ್ನು ಓದಿಸುವುದು.

ಆದರೆ ನಮ್ಮ ಕಾಕಾ ಸ್ಟೀರ್ ಅಲ್ಲ. ಹಾಗೆ ಬರೆದು ಕೈತೊಳೆದುಕೊಂಡರೆ ಅನ್ಯಾಯ. ಕ್ಯಾಮರಾ ಬಂದ್ ಮಾಡಿದ ಮೇಲೆ ಅವರು ಹೇಳಿದ್ದನ್ನು, ಅವರ ಒಪ್ಪಿಗೆ ಪಡೆದು, ಬರೆಯುತ್ತಿದ್ದೇನೆ: "ಕಚೇರ್ಯಾಗ ನಂಗ ಬ್ಯಾರೆ ಗ್ಲಾಸ ಇತ್ತು. ಸೈ ಮಾಡಾಕ ಮಾತ್ರ ನಾ ಬೇಕಾಗಿದ್ದೆ. ಹೊಲಾ ಹೋಗೂದು ಅವ್ರ ಮಂದೀದು, ಸೈ ಸುದ್ದೆ ಅವ್ರ ಮಂದೀದಽ ಇರ್ಲಿ ಅಂತ ಸಾಹೇಬ್ರ ಲೆಕ್ಕ." ಸೈ ಬೇಕಾದಾಗ ಒಳಗಿನವ, ನೀರು ಕುಡಿಯುವಾಗ ಹೊರಗಿನವ. ಮೀಸಲಾತಿಯಿಂದ ಕುರ್ಚಿ ಸಿಕ್ಕ ನಮ್ಮಂಥವರೆಲ್ಲರ ಕತೆಯೂ ಇದರೊಳಗಿದೆ. ಇಷ್ಟಾದರೂ ಆ ಸೈಯಿಂದ ಹೋದದ್ದು ಆಯಿಯ ಹೊಲ.

ಒಳಗೆ ಇದ್ದು ಬಂದವರು ಹೇಗೆ ಮಾತಾಡಬೇಕು ಎಂಬುದಕ್ಕೆ ನಮ್ಮಲ್ಲೇ ಮಾದರಿ ಇದೆ. 1951ರ ಸೆಪ್ಟೆಂಬರಿನಲ್ಲಿ ಬಾಬಾಸಾಹೇಬರು ಕಾನೂನು ಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟರು. ಅಕ್ಟೋಬರ್ 10ರಂದು ಸಂಸತ್ತಿನಲ್ಲಿ ಹೇಳಿಕೆ ಓದಲು ಅನುವಾಗದೆ ಹೋದಾಗ ಅದನ್ನು ಪತ್ರಿಕೆಗಳಿಗೆ ಕೊಟ್ಟರು. ಹಿಂದೂ ಕೋಡ್ ಬಿಲ್ಲಿನ ಗತಿಯ ಜೊತೆಗೆ ಪರಿಶಿಷ್ಟರ ಬಗ್ಗೆ ಸರ್ಕಾರಕ್ಕಿದ್ದ ಉದಾಸೀನವೂ ಅದರಲ್ಲಿತ್ತು. ಅವರು ನಿವೃತ್ತಿಯ ತನಕ ಕಾಯಲಿಲ್ಲ.

ನಾವು ಮತ್ತೆ ಆ ಊರಿಗೆ ಹೋದೆವು. ಈ ಸಲ ಇಬ್ಬರನ್ನೂ ಒಂದೇ ಕಂಬಳಿಯ ಮೇಲೆ ಕೂರಿಸಿ ನಡುವೆ ಹಳೆಯ ಉತಾರ, ಹೊಸ ಉತಾರ ಇಟ್ಟೆವು. ಕಾಕಾ ಓದಿದರು. ಆಯಿ ಚಕ್‌ಬಂದಿ ಹೇಳಿದಳು: ಮೂಡಣಕ್ಕೆ ಹಳ್ಳ, ಪಡುವಣಕ್ಕೆ ಬನ್ನಿಗಿಡ, ತೆಂಕಣಕ್ಕೆ ಬಂಡಿದಾರಿ. ಕಾಗದದಲ್ಲಿಲ್ಲದ ಬನ್ನಿಗಿಡ ಆಕೆಯ ನೆನಪಿನಲ್ಲಿತ್ತು. ನಾವು ಒಂದೂ ಪ್ರಶ್ನೆ ಕೇಳಲಿಲ್ಲ. ಕೇಳಿದವಳು ಆಕೆ:

"ತಮ್ಮಾ, ಇವ್ರ ಡಬ್ಬಿ ಮುಂದ ಹೇಳಿದಿ. ಚೊಲೋ ಆತು. ಏಸೀ ಸಾಹೇಬ್ರ ಮುಂದ ಹೇಳ್ತಿಯೇನ?"

ಕಾಕಾ ತಲೆ ತಗ್ಗಿಸಿದರು. "ಪೆನ್ಶನ್ ಐತೆವ್ವಾ" ಎಂದರು.

2017ರಲ್ಲಿ ಸುಪ್ರೀಂ ಕೋರ್ಟು ಇಂಥ ಅರ್ಜಿಗಳನ್ನು ತಡಮಾಡದೆ ಸಲ್ಲಿಸಬೇಕೆಂದಿತು. 2023ರಲ್ಲಿ ರಾಜ್ಯದ ಶಾಸನಸಭೆ ಕಾಯ್ದೆಗೆ ತಿದ್ದುಪಡಿ ತಂದು ಕಾಲಮಿತಿ ಇಲ್ಲವೆಂದಿತು. ಆಯಿಯ ಅರ್ಜಿ ತಯಾರಿದೆ. ಅದಕ್ಕೆ ಕಾಕಾನ ಅಫಿಡವಿಟ್ಟು ಬೇಕು. ಅದು ಬರುವ ತನಕ ಚಿತ್ರವನ್ನು ಎಲ್ಲೂ ತೋರಿಸಬಾರದೆಂದು ನಾನು ವಾದಿಸುತ್ತಿದ್ದೇನೆ, ಗೆಳೆಯರು ಒಪ್ಪಿಲ್ಲ. ನಮ್ಮ ಚಿತ್ರಕ್ಕೆ ಚಪ್ಪಾಳೆ ಬಿದ್ದು, ಅದೇ ಕಾರಣಕ್ಕೆ ಕಾಕಾ ಹೆದರಿ ಹಿಂದೆ ಸರಿದರೆ, ಆಯಿಯ ಹೊಲ ಎರಡನೇ ಸಲ ಹೋದಂತೆ. ಈ ಸಲ ಅದಕ್ಕೆ ಕಾರಣ ನಾವಾಗಿರುತ್ತೇವೆ. ಈ ಸಂಚಿಕೆ ಓದುವ ಗೆಳೆಯರು ಏನನ್ನುತ್ತೀರಿ?