ಸಾಕುವ ಮೊದಲು ಗುರುತಿಸಿ

ಇರುವೆ ಸಾಕಲು ದೊಡ್ಡ ಸಾಮಾನೇನೂ ಬೇಡ. ಒಂದು ಗಾಜಿನ ಪ್ರನಾಳ, ತಳದಲ್ಲಿ ನೀರು, ನೀರಿಗೆ ಅಡ್ಡವಾಗಿ ಹತ್ತಿ, ಬಾಯಿಗೆ ಇನ್ನಷ್ಟು ಹತ್ತಿ. ಮಳೆ ಬಿದ್ದ ಮೇಲೆ ರೆಕ್ಕೆ ಕಳಚಿ ನೆಲದ ಮೇಲೆ ಓಡಾಡುವ ಗೊದ್ದದ ರಾಣಿಯನ್ನು ಅದರೊಳಗೆ ಬಿಟ್ಟು ಕತ್ತಲಲ್ಲಿಟ್ಟರೆ ಸಂಸಾರ ಶುರುವಾಗುತ್ತದೆ. ಮೊದಲ ಸಂತಾನ ಏಳುವವರೆಗೆ ರಾಣಿ ಊಟವನ್ನೇ ಕೇಳುವುದಿಲ್ಲ. ಇನ್ನು ಬೇಡವಾದ ರೆಕ್ಕೆಯ ಸ್ನಾಯುಗಳನ್ನೂ ಮೈಯ ಕೊಬ್ಬನ್ನೂ ಕರಗಿಸಿ ಮರಿಹುಳುಗಳಿಗೆ ಉಣಿಸುತ್ತದೆ. ಆ ಅಳತೆಯ ಊಟದಲ್ಲಿ ಬೆಳೆದ ಮೊದಲ ಕೆಲಸಗಾರ ಇರುವೆಗಳು ಗಾತ್ರದಲ್ಲಿ ಪುಟ್ಟವು. ಮಣ್ಣಿನಡಿ ನಡೆಯುವ ಇದನ್ನೆಲ್ಲ ಮನೆಯಲ್ಲೇ ಕಣ್ಣಾರೆ ತೋರಿಸುವುದು ಈ ಹವ್ಯಾಸದ ಹೆಚ್ಚುಗಾರಿಕೆ.

ನನ್ನ ತಕರಾರು ಇರುವುದು ಅದರ ಅವಸರದ ಬಗ್ಗೆ. ಗೂಡಿನ ಅಂದಕ್ಕೆ ಸಿಗುವ ಗಮನ, ಹಿಡಿದದ್ದು ಯಾವ ಜಾತಿ ಎಂಬ ಪ್ರಶ್ನೆಗೆ ಸಿಗುವುದಿಲ್ಲ. ಭೂತಗನ್ನಡಿ ಹಿಡಿದು ಎದೆಗೂ ಹೊಟ್ಟೆಗೂ ನಡುವಿನ ಸೊಂಟ ನೋಡಿ. ಗೊದ್ದಕ್ಕೂ ಚಗಳಿಗೂ ಅಲ್ಲಿ ಒಂದೇ ಗಂಟು. ಅವು ಕುಟುಕುವುದಿಲ್ಲ, ಕಚ್ಚಿ ಆಮ್ಲ ಚಿಮ್ಮಿಸುತ್ತವೆ. ಉರಿ ಹತ್ತಿಸುವ ಕೆಂಪಿರುವೆ ಸೊಲೆನಾಪ್ಸಿಸ್ ಜೆಮಿನೇಟಾಗೆ ಎರಡು ಗಂಟು, ಜೊತೆಗೆ ಕೊಂಡಿ. ಅದು ಮೂಲತಃ ಅಮೆರಿಕ ಖಂಡದ್ದು, ಮನುಷ್ಯರ ಸರಕಿನೊಂದಿಗೆ ಲೋಕವೆಲ್ಲ ಹಬ್ಬಿದ್ದು. ಅಂಥದ್ದನ್ನು ಸ್ಥಳೀಯವೆಂದು ಸಾಕಿ, ಬೇಸರವಾದಾಗ ಇನ್ನೊಂದು ಊರಿನ ತೋಟಕ್ಕೆ ಬಿಟ್ಟರೆ ಆಗುವ ಹಾನಿ ಸಣ್ಣದಲ್ಲ.

ಜಾತಿ ತಿಳಿಯದಿದ್ದರೆ ಸಾಕಣೆಯೂ ದಾರಿ ತಪ್ಪುತ್ತದೆ. ಡಯಾಕಮ್ಮಾ ಇಂಡಿಕಮ್‌ನಲ್ಲಿ ರಾಣಿಯೇ ಇಲ್ಲ. ಗಂಡಿನೊಡನೆ ಕೂಡಿದ ಕೆಲಸಗಾರ ಇರುವೆಯೊಂದು ಮೊಟ್ಟೆಯಿಡುತ್ತದೆ. ರಾಣಿಗಾಗಿ ಅದರ ಗೂಡು ಅಗೆಯುವವನಿಗೆ ಗೂಡು ಕೆಡಿಸಿದ್ದಷ್ಟೇ ಲಾಭ. ಮರಿಹುಳುಗಳ ರೇಷ್ಮೆಯಿಂದ ಹಸಿರೆಲೆ ಹೊಲಿಯುವ ಚಗಳಿಯನ್ನಂತೂ ಮರದಲ್ಲೇ ನೋಡಬೇಕು, ಡಬ್ಬಿಯಲ್ಲಲ್ಲ.

ಗುರುತಿಸಲು ಆಧಾರವಿಲ್ಲವೆನ್ನುವಂತಿಲ್ಲ. ಅಜಯ್ ನರೇಂದ್ರ ಮತ್ತು ಸುನಿಲ್ ಕುಮಾರ್ ಅವರ ‘ಆನ್ ಎ ಟ್ರೇಲ್ ವಿತ್ ಆಂಟ್ಸ್’ ಎಂಬ ಇಂಗ್ಲಿಷ್ ಕೈಪಿಡಿ 2006ರಲ್ಲೇ ಬಂದಿದೆ. ಪರ್ಯಾಯದ್ವೀಪ ಭಾರತದ ಇರುವೆಗಳಿಗೇ ಮೀಸಲಾದದ್ದು. ಅಂಥದ್ದೊಂದು ಕನ್ನಡದಲ್ಲೂ ಬೇಕು.

ಹಾರಾಟ ಮುಗಿಸಿದ ಒಂಟಿ ರಾಣಿಯನ್ನು ಸಾಕುವುದಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. ಅಂಥವುಗಳಲ್ಲಿ ಬಹುಪಾಲು ಹಕ್ಕಿ, ಹಲ್ಲಿಗಳ ಪಾಲಾಗುವಂಥವೇ. ನೆಲೆನಿಂತ ಗೂಡು ಅಗೆಯುವುದನ್ನೂ ರಾಣಿಗಳನ್ನು ಊರಿಂದೂರಿಗೆ ಮಾರುವುದನ್ನೂ ಒಪ್ಪಲಾರೆ. ಹಾರಾಟದ ದಿನ, ಹೊತ್ತು, ಮಳೆ, ಜಾಗ ಬರೆದಿಡುವ ಹವ್ಯಾಸಿ ಒಂದೇ ಒಂದು ಇರುವೆಯನ್ನು ಸಾಕದಿದ್ದರೂ ಅವನ ಕೆಲಸ ನಾಡಿನ ಜೀವವಿಜ್ಞಾನಕ್ಕೆ ಸೇರುತ್ತದೆ.