ಮೋಡೆಮ್ ಕೈಪಿಡಿಯ ಕೊನೆಯ ಪುಟ

ಎಡಿಎಸ್‌ಎಲ್ ಮೋಡೆಮ್ ಕೊಂಡವರಿಗೆ ಪೆಟ್ಟಿಗೆಯೊಳಗೆ ಒಂದು ಪುಟ್ಟ ಕೈಪಿಡಿಯೂ ಸಿಗುತ್ತಿತ್ತು. ಅದರ ಕೊನೆಯ ಪುಟ 'ತೊಂದರೆ ಮತ್ತು ಪರಿಹಾರ'. ಮೊದಲ ಸೂಚನೆ: ಮೋಡೆಮ್ ಆರಿಸಿ, ಸ್ವಲ್ಪ ಹೊತ್ತು ಕಾದು ಮತ್ತೆ ಚಾಲೂ ಮಾಡಿ. ಕೊನೆಯ ಸೂಚನೆ: ಸರಿಹೋಗದಿದ್ದರೆ ಸೇವೆ ನೀಡುವವರನ್ನು ಸಂಪರ್ಕಿಸಿ. ಇವೆರಡರ ನಡುವೆ ಇರಬೇಕಾದದ್ದು ಇಲ್ಲ ಎಂಬುದೇ ನನ್ನ ಆಕ್ಷೇಪ.

2004ರ ಬ್ರಾಡ್‌ಬ್ಯಾಂಡ್ ನೀತಿ ಸೆಕೆಂಡಿಗೆ 256 ಕಿಲೋಬಿಟ್ ವೇಗವಿದ್ದರೆ ಸಾಕು, ಅದು ಬ್ರಾಡ್‌ಬ್ಯಾಂಡ್ ಎಂದಿತು. ಎಂಟು ಬಿಟ್‌ಗೆ ಒಂದು ಬೈಟ್. ಅಂದರೆ ಸೆಕೆಂಡಿಗೆ 32 ಕಿಲೋಬೈಟ್ ಮಾತ್ರ. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ 'ಡಾಟಾಒನ್' ಆರಂಭಿಸಿದ ಮೇಲೆ ದೂರವಾಣಿಯ ಹಳೆಯ ತಾಮ್ರದ ತಂತಿಯೇ ಅಂತರ್ಜಾಲದ ದಾರಿಯೂ ಆಯಿತು. ಆ ತಂತಿಯನ್ನು ಹಾಕಿದ್ದು ಮಾತಿಗಾಗಿ. ಮಾತಿಗೆ ಸುಮಾರು 4 ಕಿಲೋಹರ್ಟ್ಸ್‌ವರೆಗಿನ ಆವೃತ್ತಿ ಸಾಕು. ಎಡಿಎಸ್‌ಎಲ್ ಅದೇ ತಂತಿಯಲ್ಲಿ 1104 ಕಿಲೋಹರ್ಟ್ಸ್‌ವರೆಗೂ, ಅದರ ಮುಂದಿನ ರೂಪವಾದ ಎಡಿಎಸ್‌ಎಲ್2+ 2208ರವರೆಗೂ ಸಂಕೇತ ಕಳಿಸುತ್ತದೆ. ಆದ್ದರಿಂದ ಫೋನಿನಲ್ಲಿ ಮಾತು ಸ್ಪಷ್ಟವಾಗಿ ಕೇಳಿಸುತ್ತದೆ ಎಂದ ಮಾತ್ರಕ್ಕೆ ತಂತಿ ಸರಿಯಿದೆ ಎನ್ನಲಾಗದು. ಕೈಪಿಡಿ ಇಷ್ಟನ್ನು ಒಂದೇ ವಾಕ್ಯದಲ್ಲಿ ಹೇಳಬಹುದಿತ್ತು, ಹೇಳಲಿಲ್ಲ.

ಮಸ್ಕಿಯಲ್ಲಿರುವ ನಮ್ಮ ಅಕ್ಕನ ಮನೆಯಲ್ಲಿ ಈ ಪುಟ ಎಷ್ಟು ದುಬಾರಿಯಾಯಿತೆಂದು ಕಣ್ಣಾರೆ ಕಂಡಿದ್ದೇನೆ. ಸಂಪರ್ಕ ದಿನವೂ ಕಡಿಯುತ್ತಿತ್ತು. "ತಮ್ಮಾ, ದಿನಾ ನಾಕು ಸಲ ಆರ್ಸಿ ಹಚ್ಚದೇ ನಮ್ಮ ಕೆಲ್ಸ ಆಗೇದ ನೋಡು" ಎಂದಳು ಅಕ್ಕ. ಭಾವ ಎರಡು ಮೋಡೆಮ್ ಬದಲಿಸಿದ್ದರು. ಮಗಳು ಕಾಲೇಜಿನ ಅರ್ಜಿಯನ್ನು ಕೊನೆಯ ದಿನ ಅರ್ಧಕ್ಕೇ ಬಿಟ್ಟು, ಸಿಂಧನೂರಿನ ಬಸ್ಸು ಹಿಡಿದು, ಅಲ್ಲಿಯ ಇಂಟರ್‌ನೆಟ್ ಅಂಗಡಿಯಲ್ಲಿ ಅದನ್ನು ಮುಗಿಸಿದ್ದಳು. ದೋಷ ಇದ್ದದ್ದು ಮನೆಯೊಳಗೇ. ಮೆಟ್ಟಿಲ ಕೆಳಗಿನ ಕೋಣೆಗೆ ತಾವೇ ಎಳೆದುಕೊಂಡಿದ್ದ ಒಂದು ಎಕ್ಸ್‌ಟೆನ್ಷನ್ ಫೋನಿಗೆ ಫಿಲ್ಟರ್ ಇರಲಿಲ್ಲ. ಫೋನ್ ರಿಂಗಾದಾಗ ತಂತಿಯಲ್ಲಿ ಸುಮಾರು 75 ವೋಲ್ಟ್‌ನಷ್ಟು ಪರ್ಯಾಯ ವಿದ್ಯುತ್ ಹರಿಯುತ್ತದೆ. ರಿಸೀವರ್ ಎತ್ತಿದಾಗ ತಂತಿಯ ವಿದ್ಯುತ್ ಗುಣವೇ ಬದಲಾಗುತ್ತದೆ. ಫಿಲ್ಟರ್ ಇಲ್ಲದ ಒಂದೇ ಒಂದು ಫೋನು ಈ ಎರಡೂ ಏಟನ್ನು ಮೋಡೆಮ್‌ಗೆ ತಲುಪಿಸಿಬಿಡುತ್ತದೆ. ಅಗ್ಗದ ಒಂದು ಫಿಲ್ಟರ್ ಹಾಕಿದ ಮೇಲೆ ಕಡಿತ ನಿಂತಿತು. ಕೈಪಿಡಿಯಲ್ಲಿ ಸ್ಪ್ಲಿಟರ್‌ನ ಚಿತ್ರ ಅಚ್ಚುಕಟ್ಟಾಗಿಯೇ ಇತ್ತು, ಒಪ್ಪುತ್ತೇನೆ. ಆದರೆ ಚಿತ್ರದ ಮನೆಯಲ್ಲಿ ಫೋನು ಒಂದೇ!

'ಆರಿಸಿ ಚಾಲೂ ಮಾಡಿ' ಎಂಬುದನ್ನು ಮೊದಲ ಹೆಜ್ಜೆಯಾಗಿಟ್ಟದ್ದು ಇನ್ನೂ ದೊಡ್ಡ ತಪ್ಪು. ಆಮೇಲೆ ಕೆಲ ಹೊತ್ತು ಸಂಪರ್ಕ ಚೆನ್ನಾಗಿರುವುದು ನಿಜ, ಏಕೆಂದರೆ ಮೋಡೆಮ್ ತಂತಿಯ ಆ ಹೊತ್ತಿನ ಸ್ಥಿತಿಗೆ ತಕ್ಕಂತೆ ವೇಗವನ್ನು ಹೊಸದಾಗಿ ಗೊತ್ತುಮಾಡಿಕೊಳ್ಳುತ್ತದೆ. ಆದರೆ ಎಷ್ಟು ಹೊತ್ತಿನಿಂದ ಸಂಪರ್ಕವಿತ್ತು, ಎಷ್ಟು ದೋಷಗಳು ಎಣಿಕೆಯಾಗಿದ್ದವು ಎಂಬ ದಾಖಲೆಯೂ ಸಾಮಾನ್ಯವಾಗಿ ಅಳಿಸಿಹೋಗುತ್ತದೆ. ಜ್ವರ ನೋಡುವ ಮೊದಲೇ ಗುಳಿಗೆ ನುಂಗಿಸಿದ ಹಾಗೆ.

ಆರಿಸುವ ಮೊದಲು ದೀಪ ನೋಡಬೇಕು. ಡಿಎಸ್‌ಎಲ್ ದೀಪ ಸ್ಥಿರವಾಗಿದ್ದು ಅಂತರ್ಜಾಲ ಮಾತ್ರ ಇಲ್ಲವಾದರೆ ತಂತಿಯನ್ನು ಅನುಮಾನಿಸುವ ಅಗತ್ಯ ಕಡಿಮೆ. ಬಳಕೆದಾರರ ಹೆಸರು, ಗುಪ್ತಪದ ಅಥವಾ ಆಚೆಯ ಜಾಲವನ್ನು ವಿಚಾರಿಸಬೇಕು. ಡಿಎಸ್‌ಎಲ್ ದೀಪವೇ ಮಿನುಗುತ್ತಿದ್ದರೆ ತೊಂದರೆ ಸಾಮಾನ್ಯವಾಗಿ ತಂತಿಯದು. ಅನಂತರ ಬ್ರೌಸರ್‌ನಲ್ಲಿ ಮೋಡೆಮ್‌ನ ವಿಳಾಸ (ಬಹುತೇಕ 192.168.1.1) ತೆರೆದು ಎರಡು ಅಂಕಿ ಬರೆದುಕೊಳ್ಳಬೇಕು. ಒಂದು, ಸಂಕೇತದ ಕ್ಷೀಣತೆ. ಅರ್ಧ ಮಿಲಿಮೀಟರ್ ದಪ್ಪದ ತಾಮ್ರದಲ್ಲಿ ಕಿಲೋಮೀಟರಿಗೆ ಸುಮಾರು 14 ಡೆಸಿಬೆಲ್ ನಷ್ಟ. ಎಕ್ಸ್‌ಚೇಂಜಿನಿಂದ ಮೂರು ಕಿಲೋಮೀಟರ್ ದೂರದ ಮನೆಗೆ 42 ಡೆಸಿಬೆಲ್, ಅಂದರೆ ಕಳಿಸಿದ ಸಾಮರ್ಥ್ಯದಲ್ಲಿ ಸುಮಾರು ಹದಿನಾರು ಸಾವಿರದಲ್ಲಿ ಒಂದು ಪಾಲು ಮಾತ್ರ ತಲುಪುತ್ತದೆ. ಸಿಂಧನೂರು ಸುತ್ತಲಿನ ಕ್ಯಾಂಪೊಂದು ಎಕ್ಸ್‌ಚೇಂಜಿನಿಂದ ಐದು ಕಿಲೋಮೀಟರ್ ಆಚೆಗಿದ್ದರೆ ಎಷ್ಟು ಮೋಡೆಮ್ ಬದಲಿಸಿದರೂ ಅಷ್ಟೆ. ಈ ಮಾತನ್ನು ಗ್ರಾಹಕನಿಗೆ ಮೊದಲೇ ಹೇಳಬೇಕಿತ್ತು.

ಎರಡನೆಯದು ಗದ್ದಲಕ್ಕಿಂತ ಸಂಕೇತ ಎಷ್ಟು ಮೇಲಿದೆ ಎಂಬ ಅಂತರದಲ್ಲಿ ಉಳಿದಿರುವ ಹೆಚ್ಚುವರಿ. ಅದು 6 ಡೆಸಿಬೆಲ್‌ಗಿಂತ ಕೆಳಗಿಳಿದರೆ ಸಂಪರ್ಕ ಕಡಿಯತೊಡಗುವ ಸಂಭವವುಂಟು. ನಾನು ನೋಡಿದ ಕೈಪಿಡಿಯ ಕನ್ನಡ ಹಾಳೆಯಲ್ಲಿ 'ನಾಯ್ಸ್' ಎಂಬುದಕ್ಕೆ 'ಶಬ್ದ' ಎಂದಿತ್ತು. ಓದಿದವರು ಫೋನಿಗೆ ಕಿವಿಗೊಡುವುದು ಸಹಜ. ಕರಕರ ಕೇಳಿಸಿದರೆ ತಂತಿಯ ಜೋಡಣೆ ಕೆಟ್ಟಿರುವುದು ಬಹುಮಟ್ಟಿಗೆ ನಿಜವಾದ್ದರಿಂದ ಆ ತಪ್ಪು ಅನುವಾದ ಒಂದಿಷ್ಟು ಉಪಕಾರವನ್ನೂ ಮಾಡಿರಬೇಕು.

ಈ ಅಂಕಿಯನ್ನು ಮಧ್ಯಾಹ್ನ ಒಮ್ಮೆ, ರಾತ್ರಿ ಒಂಬತ್ತಕ್ಕೆ ಒಮ್ಮೆ ಬರೆದು ನೋಡುವುದು ಒಳ್ಳೆಯದು. 531ರಿಂದ 1602 ಕಿಲೋಹರ್ಟ್ಸ್‌ವರೆಗಿನ ಮಧ್ಯಮ ತರಂಗದ ರೇಡಿಯೊ ಪಟ್ಟಿ ಎಡಿಎಸ್‌ಎಲ್ ಬಳಸುವ ಆವೃತ್ತಿಗಳ ಮೇಲೇ ಬೀಳುತ್ತದೆ. ಕಂಬದಿಂದ ಕಂಬಕ್ಕೆ ಎಳೆದ ತಂತಿ ಆಂಟೆನಾದಂತೆ ವರ್ತಿಸುತ್ತದೆ. ಹಗಲಿನಲ್ಲಿ ಅಯಾನುಗೋಳದ ಕೆಳಪದರ ಈ ತರಂಗಗಳನ್ನು ಹೀರುತ್ತದೆ. ಸೂರ್ಯಾಸ್ತದ ಬಳಿಕ ಆ ಪದರ ಕರಗಿ, ದೂರದ ಕೇಂದ್ರಗಳೂ ಬಂದು ತಟ್ಟುತ್ತವೆ. ಹಗಲಲ್ಲಿ ಗೊತ್ತುಮಾಡಿಕೊಂಡ ವೇಗ ರಾತ್ರಿ ನಿಲ್ಲದಿರಲು ಇದೂ ಒಂದು ಕಾರಣ. ಸಂಜೆ ಮಾತ್ರ ಕಡಿಯುವ ಸಂಪರ್ಕವನ್ನು 'ಎಲ್ಲರೂ ಒಟ್ಟಿಗೆ ಬಳಸುತ್ತಾರೆ' ಎಂಬ ಒಂದೇ ಉತ್ತರದಲ್ಲಿ ಮುಗಿಸುವುದು ಸರಿಯಲ್ಲ. ಬಳಕೆ ಹೆಚ್ಚಿದರೆ ವೇಗ ತಗ್ಗೀತು, ಡಿಎಸ್‌ಎಲ್ ದೀಪ ಆರಬೇಕಾಗಿಲ್ಲ.

ನಮ್ಮ ಭಾಗದ ನೆಲವೂ ಕೈಪಿಡಿಯ ಲೆಕ್ಕದಲ್ಲಿಲ್ಲ. ಲಿಂಗಸುಗೂರಿನಿಂದ ಮಸ್ಕಿ ದಾಟಿ ಸಿಂಧನೂರಿನವರೆಗೆ ಎರೆಭೂಮಿ ಧಾರಾಳ. ಅದು ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಹೂತ ಕೇಬಲ್ಲಿನ ಜೋಡಣೆಗಳನ್ನು ಎಳೆದಾಡುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗಳ ಬದಿಯಲ್ಲಿ ತೇವವೂ ಸೇರಿಕೊಳ್ಳುತ್ತದೆ. ಜೋಡಣೆಯೊಳಗೆ ನೀರು ಹೋಗಿ ತಾಮ್ರಕ್ಕೆ ಕಿಲುಬು ಹಿಡಿದರೆ ಮಾತು ದಾಟುತ್ತದೆ, ಉನ್ನತ ಆವೃತ್ತಿ ಮುಗ್ಗರಿಸುತ್ತದೆ. ಮಳೆ ಬಂದ ಮರುದಿನವೇ ಕೆಡುವ ಸಂಪರ್ಕಕ್ಕೆ ಮೋಡೆಮ್ ಅನ್ನು ದೂರಿ ಫಲವಿಲ್ಲ.

ದೋಷ ಮನೆಯೊಳಗೋ ಹೊರಗೋ ಎಂದು ತಿಳಿಯಲು ಒಂದೇ ಪರೀಕ್ಷೆ ಸಾಕು: ಎಲ್ಲ ಫೋನು, ಎಕ್ಸ್‌ಟೆನ್ಷನ್ ಕಳಚಿ, ಹೊರಗಿನ ತಂತಿ ಮನೆಗೆ ಬಂದು ಸೇರುವ ಮೊದಲ ಸಾಕೆಟ್‌ಗೇ ಮೋಡೆಮ್ ಜೋಡಿಸಿ ಅಂಕಿಗಳನ್ನು ಹೋಲಿಸುವುದು. ಸುಧಾರಿಸಿದರೆ ದೋಷ ಒಳಗಿನದು. ಇಲ್ಲವಾದರೆ ಆ ಅಂಕಿಗಳನ್ನೇ ದಿನಾಂಕ, ಗಂಟೆಯೊಡನೆ ದೂರಿನಲ್ಲಿ ಬರೆಯಬೇಕು. 'ನೆಟ್ ಬರ್ತಿಲ್ಲ' ಎಂಬ ದೂರಿಗೂ 'ಮಳೆಯ ನಂತರ 11ರಿಂದ 4 ಡೆಸಿಬೆಲ್‌ಗೆ ಇಳಿದಿದೆ' ಎಂಬ ದೂರಿಗೂ ತಂತಿ ಸರಿಮಾಡಲು ಬರುವವನಿಗೆ ಬಹಳ ವ್ಯತ್ಯಾಸವಿದೆ.

ಈಗ ಅಕ್ಕನ ಮನೆಗೆ ದ್ಯುತಿತಂತು ಬಂದಿದೆ. ಅದರಲ್ಲಿ ಕಿಲುಬಿಲ್ಲ, ರೇಡಿಯೊ ತಟ್ಟುವುದಿಲ್ಲ. ಆದರೆ ತಂತು ಮಡಚಿದರೆ, ಕೊಂಡಿಯಲ್ಲಿ ಧೂಳು ಕೂತರೆ ಬೆಳಕು ಕುಂದುತ್ತದೆ. ತಲುಪುವ ಬೆಳಕು ಎಷ್ಟೆಂಬ ಅಂಕಿಯೂ ಹಲವು ಪೆಟ್ಟಿಗೆಗಳಲ್ಲಿ ದೊರೆಯುತ್ತದೆ. ಹೋದ ಸಲ ಹೋದಾಗ ಅದರ ಕೈಪಿಡಿಯ ಕೊನೆಯ ಪುಟ ತೆರೆದು ನೋಡಿದೆ. ಮೊದಲ ಸೂಚನೆ: ಪೆಟ್ಟಿಗೆ ಆರಿಸಿ, ಮತ್ತೆ ಚಾಲೂ ಮಾಡಿ.