ಪೆಟ್ಟಿಗೆಯ ಮೇಲೆ ಒಂದೇ ಹೆಸರು

ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೋಡಲು ಬಂದವರಿಗೆ ಊರಿನ ಹಳೆಯ ಕತೆ ಹೇಳುವಾಗ ನಾವು ಮೆಡೋಸ್ ಟೇಲರನ ಆತ್ಮಕಥೆಯನ್ನೇ ನೆನೆಯುತ್ತೇವೆ. 1853ರವರೆಗೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಇಲ್ಲಿ ಆಡಳಿತ ನೋಡಿಕೊಂಡವನು ಅವನು. ತನ್ನ ಕಣ್ಣೆದುರೇ ಬೆಳೆದ ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ದಂಗೆಯೆದ್ದು ಮಡಿದುದನ್ನೂ ಅವನೇ ಬರೆದಿಟ್ಟ. ಆ ಪುಸ್ತಕ ಹೊರಬಂದದ್ದು ಅವನು ತೀರಿಕೊಂಡ ಮರುವರ್ಷ, 1877ರಲ್ಲಿ. ಸಂಪಾದಿಸಿದವಳು ಅವನ ಮಗಳು. ಆಕೆ ತಂದೆಯ ಬರಹವನ್ನು ಜೋಪಾನ ಮಾಡಿದ್ದರಿಂದ ನಮ್ಮೂರಿನ ಎಷ್ಟೋ ಸಂಗತಿಗಳು ಉಳಿದವು. ಟೇಲರನ ಹೆಂಡತಿ ಮೇರಿ ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರನ ಮಗಳು, ಫೈಜ್ ಬಕ್ಷ್ ಬೇಗಂ ಅವರ ಮೊಮ್ಮಗಳು. ಆ ಪುಸ್ತಕದಲ್ಲಿ ಆಕೆಯ ದನಿ ಹುಡುಕಿದರೆ ಸಿಗುವುದು ಬಹಳ ಕಡಿಮೆ.

ಎ.ಕೆ. ರಾಮಾನುಜನ್ ಅವರ ದಿನಚರಿ ಓದುವಾಗ ಇದು ಮತ್ತೆ ನೆನಪಾಯಿತು. 'ಹೊಕ್ಕುಳಲ್ಲಿ ಹೂವಿಲ್ಲ', 'ಕುಂಟೋಬಿಲ್ಲೆ' ಬರೆದ ಈ ಮೈಸೂರಿನ ಕವಿ ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದರು. 1993ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ಡೈರಿ, ಕರಡು, ಪತ್ರಗಳು ಅದೇ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ಅವುಗಳ ಆಧಾರದಿಂದ ಗಿಲೆರ್ಮೊ ರೊಡ್ರಿಗಸ್ ಎಂಬ ಸ್ಪೇನಿನ ವಿದ್ವಾಂಸ ರಾಮಾನುಜನ್ ಅವರ ಕಾವ್ಯಚಿಂತನೆಯ ಬಗ್ಗೆ ದೊಡ್ಡ ಪುಸ್ತಕ ಬರೆದರು. 2019ರಲ್ಲಿ ಕವಿಯ ಮಗ ಕೃಷ್ಣ ಮತ್ತು ರೊಡ್ರಿಗಸ್ ಸೇರಿ ದಿನಚರಿಯ ಆಯ್ದ ಭಾಗಗಳನ್ನು 'ಜರ್ನೀಸ್' ಎಂಬ ಹೆಸರಿನಲ್ಲಿ ತಂದರು. ಇದಕ್ಕೂ ಮುಂಚೆ, 1997ರಲ್ಲಿ, ಅವರು ಸಂಗ್ರಹಿಸಿದ 77 ಕನ್ನಡ ಜನಪದ ಕತೆಗಳು ಇಂಗ್ಲಿಷಿನಲ್ಲಿ ಬಂದಿದ್ದವು. ಬೆಳಗಾವಿಯಲ್ಲಿ ಮೇಷ್ಟರಾಗಿದ್ದಾಗಲೇ ಅವರು ಅಜ್ಜಿಯರ ಬಾಯಿಂದ ಕತೆ ಕೇಳಿ ಬರೆದುಕೊಳ್ಳಲು ಶುರುಮಾಡಿದ್ದರು. ಬರೆದವನು ಹೋದಮೇಲೂ ಕಾಗದ ದುಡಿಯುತ್ತದೆ ಎನ್ನಲು ಇದಕ್ಕಿಂತ ಸಾಕ್ಷಿ ಬೇಕೆ?

ಆದರೂ ನನ್ನದೊಂದು ತಕರಾರಿದೆ. ರಾಮಾನುಜನ್ ಅವರ ಹೆಂಡತಿ ಮಾಲಿ ಡೇನಿಯಲ್ಸ್ ಕೂಡ ಲೇಖಕಿ. 'ದ ಸಾಲ್ಟ್ ಡಾಲ್' ಅವರ ಕಾದಂಬರಿ. ಈ ದಂಪತಿ ಕೂಡಿದರು, ಅಗಲಿದರು, ಮತ್ತೆ ಕೂಡಿದರು, ಮತ್ತೆ ಅಗಲಿದರು. ಆದರೂ ಕವಿ ಹೋದಮೇಲೆ ಅವರ ಅಪ್ರಕಟಿತ ಕವಿತೆ, ಗದ್ಯವನ್ನು ಕೀತ್ ಹ್ಯಾರಿಸನ್ ಜೊತೆ ಕೂತು ಸಂಪಾದಿಸಿ 2001ರಲ್ಲಿ ಪ್ರಕಟಿಸಿದವರು ಮಾಲಿಯೇ. ಆದರೆ ಷಿಕಾಗೊದ ಸಂಗ್ರಹಕ್ಕಿರುವ ಹೆಸರು ಗಂಡನದೊಂದೇ. ದಿನಚರಿಯಲ್ಲಿ ಮದುವೆಯ ಮಾತು ಬಂದಾಗಲೂ ನಾವು ಕೇಳುವುದು ಒಬ್ಬರ ಹೇಳಿಕೆ. ಅದನ್ನು ಸುಳ್ಳೆನ್ನುತ್ತಿಲ್ಲ. ಡೈರಿಯ ಸ್ವಭಾವವೇ ಅದು. ಎದುರುಗಡೆಯವರು ಅಲ್ಲಿ ಹಾಜರಿರುವುದಿಲ್ಲ, ಉತ್ತರ ಕೊಡುವಂತಿಲ್ಲ. ಹಾಗಾಗಿ ಅವರ ಡೈರಿ ಓದಿದವರು ಇವರ ಕಾದಂಬರಿಯನ್ನೂ ಓದುವುದು ನ್ಯಾಯ. ಇಬ್ಬರೂ ಬರೆದ ಮನೆಯನ್ನು ಒಬ್ಬರ ಕಿಟಕಿಯಿಂದ ನೋಡಿ ವಿಮರ್ಶೆ ಮುಗಿಸಬಾರದು.

ಷಿಕಾಗೊದ ಮೇಲೆ ಹೀಗೆ ತಕರಾರು ಹೇಳುವ ನಾನು ನಮ್ಮ ಮನೆಯ ಸಂಗತಿಯನ್ನೂ ಹೇಳಬೇಕು. ನಮ್ಮ ಖಾಲಾ ಉರ್ದುವಿನಲ್ಲಿ ಕತೆ ಬರೆಯುತ್ತಿದ್ದರು. ಅಡಿಗೆ ಮುಗಿಸಿ, ಮಕ್ಕಳು ಮಲಗಿದ ಮೇಲೆ, ಶಾಲೆಯ ನೋಟುಬುಕ್ಕಿನಲ್ಲಿ. ಖಾಲೂ ಕನ್ನಡ ಮೇಷ್ಟರು, ಅವರೂ ಲೇಖನ ಬರೆದವರು. ಇಬ್ಬರೂ ಹೋದಮೇಲೆ ಟ್ರಂಕು ತೆಗೆದೆವು. ಖಾಲೂ ಅವರ ಕನ್ನಡ ಲೇಖನಗಳನ್ನು ಮೊಮ್ಮಕ್ಕಳು ಓದಿದರು, ಅಲಮಾರಿಯಲ್ಲಿಟ್ಟರು. ಖಾಲಾ ಅವರ ಲಿಪಿ ಅವರಿಗೆ ಬರುತ್ತಿರಲಿಲ್ಲ. ಒಳಗೆ ಅಲ್ಲಾಹನ ಹೆಸರಿದ್ದರೆ ಬೇಅದಬಿ ಆದೀತೆಂದು ಹೆದರಿ, ಹರಿದ ಕಿತಾಬುಗಳ ಜೊತೆ ಆ ನೋಟುಬುಕ್ಕುಗಳನ್ನೂ ಬಾವಿಯಲ್ಲಿ ಥಂಡಾ ಮಾಡಿಬಿಟ್ಟರು. ರದ್ದಿಗೆ ಹಾಕಿದ್ದರೆ ಜಗಳ ತೆಗೆಯಬಹುದಿತ್ತು. ಅದಬಿನಿಂದಲೇ ಮುಳುಗಿಸಿದವರ ಮೇಲೆ ಹೇಗೆ ಸಿಟ್ಟಾಗಲಿ? ಎರಡೂ ಭಾಷೆ ಬಲ್ಲ ನಾನು ಅಂದು ಪಕ್ಕದ ಕೋಣೆಯಲ್ಲೇ ಇದ್ದೆ. ಯಾರೂ ನನ್ನನ್ನು ಕೇಳಲಿಲ್ಲ, ನಾನೂ ಎದ್ದು ಹೋಗಿ ನೋಡಲಿಲ್ಲ.

ಷಿಕಾಗೊದವರು ಪೆಟ್ಟಿಗೆಯ ಮೇಲೆ ಒಂದು ಹೆಸರನ್ನಾದರೂ ಬರೆದರು. ಪೆಟ್ಟಿಗೆ ಇದ್ದರೆ ನಾಳೆ ಯಾರಾದರೂ ಇನ್ನೊಂದು ಹೆಸರು ಸೇರಿಸಿಯಾರು. ನಮ್ಮ ಕಡೆ ಪೆಟ್ಟಿಗೆಯೇ ಉಳಿಯುವುದಿಲ್ಲ. ಓಲೆಗರಿ ಹುಡುಕಿ ಹಳ್ಳಿಗೆ ಬರುವ ವಿಶ್ವವಿದ್ಯಾಲಯದವರು ಇನ್ನುಮುಂದೆ ನೋಟುಬುಕ್ಕನ್ನೂ ಕೇಳಲಿ, ಹೆಂಗಸರ ನೋಟುಬುಕ್ಕನ್ನು ಕೇಳಲಿ, ಉರ್ದು ಎಂದಾಕ್ಷಣ ತಮ್ಮದಲ್ಲವೆಂದು ಬದಿಗಿಡದಿರಲಿ. ಅವರು ಬರುವ ತನಕ ನಾವು ಕೂರಬೇಕಾಗಿಲ್ಲ. ಸುರಪುರ, ಶಹಾಪುರ, ಯಾದಗಿರಿಯ ಓಣಿಗಳಲ್ಲಿ ಉರ್ದು ಓದಬಲ್ಲ ಹಿರಿಯರು ಇನ್ನೂ ಇದ್ದಾರೆ. ಟ್ರಂಕಿನ ಕಾಗದಗಳನ್ನು ಬಾವಿಗೆ ಒಯ್ಯುವ ಮುಂಚೆ ಒಮ್ಮೆ ಅವರ ಮುಂದೆ ಬಿಚ್ಚಿ ಓದಿಸಿರಿ. ಪಾಕ್ ಕಲಾಮ್ ಇದ್ದರೆ ಅದಬಿನಿಂದ ಬೇರೆ ಮಾಡಿರಿ. ನಿಮ್ಮ ಅಮ್ಮನ ಕತೆ ಇದ್ದರೆ ಮೇಲೆ ಆಕೆಯ ಹೆಸರು ಬರೆದು ಇಟ್ಟುಕೊಳ್ಳಿರಿ.